ಅಡಿಕೆ ತೋಟದಲ್ಲಿ 137 ಕಿಲೋಹರ್ಟ್ಸ್: ಮೊದಲು ಕಿವಿ, ಆಮೇಲೆ ತಂತಿ

ಪ್ರಶ್ನೆ: ಮಾಸ್ಟ್ರೇ, ನಮಸ್ಕಾರ. ನಾನು ಕಾಸರಗೋಡಿನ ಪೆರ್ಲದ ಹತ್ತಿರದವ. ಕಳೆದ ವರ್ಷ ರೆಸ್ಟ್ರಿಕ್ಟೆಡ್ ಗ್ರೇಡಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಸಿಕ್ಕಿತು. 137 ಕಿಲೋಹರ್ಟ್ಸ್‌ನಂಥ ತಗ್ಗಿನ ಫ್ರೀಕ್ವೆನ್ಸಿಯಲ್ಲಿ ನಿಧಾನ ಮೋರ್ಸ್ (ಡಾಟ್, ಡ್ಯಾಶ್‌ಗಳ ಸಂಕೇತ), ಡಿಜಿಟಲ್ ಮೋಡ್ ಬಳಸಿ ಸಮುದ್ರ ದಾಟಿಸುತ್ತಾರೆ ಎಂದು ಓದಿದಂದಿನಿಂದ ತಲೆಯಲ್ಲಿ ಅದೇ ಇದೆ. ನಮ್ಮ ತೋಟದಲ್ಲಿ ಐವತ್ತು ಅಡಿಯ ಅಡಿಕೆ ಮರಗಳಿವೆ. ಎರಡು ಮರಕ್ಕೆ ತಂತಿ ಕಟ್ಟಿ 100 ವ್ಯಾಟ್ ಕೊಟ್ಟರೆ ಎಷ್ಟು ದೂರ ಹೋದೀತು? ಯಾವ ಮೋಡಿನಿಂದ ಶುರು ಮಾಡಲಿ? ಅಟ್ಟದಲ್ಲಿ ಅಜ್ಜನ ವಾಲ್ವ್ ರೇಡಿಯೊ ಇದೆ, ಅದರ ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹೊಂದಿಸಲು ತಿರುಗಿಸುವ ಕಂಡೆನ್ಸರ್) ತೆಗೆದು ಉಪಯೋಗಿಸಬಹುದೇ?

ಉತ್ತರ: ನಿಮ್ಮ ಪತ್ರ ಓದಿ ನಿಜಕ್ಕೂ ಖುಷಿಯಾಯಿತು. ನಮ್ಮ ಕಡೆ ಹ್ಯಾಮ್‌ಗಳೇ ಬೆರಳೆಣಿಕೆಯಷ್ಟು. ಅದರಲ್ಲೂ ಲೋ ಫ್ರೀಕ್ವೆನ್ಸಿಯ (ಎಲ್‌ಎಫ್) ಬಗ್ಗೆ ಕೇಳುವವರು ಸಿಕ್ಕಿದರೆ ನಾನು ಚುಟುಕಾಗಿ ಉತ್ತರ ಕೊಡುವವನಲ್ಲ. ಸಾವಕಾಶವಾಗಿ ಓದಿ.

ಲೈಸೆನ್ಸಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಮೀಡಿಯಂ ವೇವ್ ರೇಡಿಯೊಗಿಂತ ಕೆಳಗೆ ಪ್ರಪಂಚದ ಹ್ಯಾಮ್‌ಗಳಿಗೆಂದು ಗುರುತಿಸಿದ ಜಾಗ ಎರಡು ಸಣ್ಣ ತುಂಡು ಮಾತ್ರ. 135.7ರಿಂದ 137.8 ಕಿಲೋಹರ್ಟ್ಸ್‌ವರೆಗಿನ 2200 ಮೀಟರ್ ಬ್ಯಾಂಡು 2007ರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಬಂತು. 472ರಿಂದ 479ರವರೆಗಿನ 630 ಮೀಟರ್ ಬ್ಯಾಂಡು 2012ರಲ್ಲಿ ಬಂತು. ಎರಡರಲ್ಲೂ ಹ್ಯಾಮ್‌ಗಳಿಗೆ ಎರಡನೇ ಸ್ಥಾನ, ಮುಖ್ಯ ಬಳಕೆದಾರರಿಗೆ ತೊಂದರೆ ಕೊಡುವಂತಿಲ್ಲ. 137ರಲ್ಲಿ ಆಂಟೆನಾ ಬಿಟ್ಟು ಹೊರಹೋಗುವ ಶಕ್ತಿ 1 ವ್ಯಾಟ್ ಮೀರಬಾರದು. ಆದರೆ ಸಮ್ಮೇಳನ ಒಪ್ಪಿದ್ದೆಲ್ಲ ತಾನಾಗಿ ನಮ್ಮ ಕೈಗೆ ಬರುವುದಿಲ್ಲ, ಆಯಾ ದೇಶ ತನ್ನ ನಿಯಮದಲ್ಲಿ ಸೇರಿಸಬೇಕು. ಅಮೆರಿಕದ ಹ್ಯಾಮ್‌ಗಳಿಗೇ ಈ ಎರಡು ಬ್ಯಾಂಡು ತೆರೆದದ್ದು 2017ರಲ್ಲಿ. ಹಾಗಾಗಿ ನಿಮ್ಮ ಲೈಸೆನ್ಸಿನ ಜೊತೆಗಿರುವ ಫ್ರೀಕ್ವೆನ್ಸಿ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಅಲ್ಲಿ ಅಚ್ಚಾದದ್ದು ಮಾತ್ರ ನಿಮ್ಮದು. ಈ ಎರಡು ಅಲ್ಲಿಲ್ಲದಿದ್ದರೆ ನೀವು ಕಟ್ಟುವ ಟ್ರಾನ್ಸ್‌ಮಿಟ್ಟರ್ ಡಮ್ಮಿ ಲೋಡಿನಲ್ಲೇ (ಆಂಟೆನಾದ ಬದಲಿಗೆ ಶಕ್ತಿಯನ್ನು ನುಂಗುವ ರೆಸಿಸ್ಟರ್) ಇರಲಿ, ತಂತಿಗೆ ಜೋಡಿಸಬೇಡಿ.

ಕೇಳುವುದಕ್ಕೆ ಮಾತ್ರ ಈ ತಡೆ ಯಾವುದೂ ಇಲ್ಲ. ಲೋ ಫ್ರೀಕ್ವೆನ್ಸಿಯಲ್ಲಿ ಕಲಿಯಬೇಕಾದ್ದರ ಮುಕ್ಕಾಲು ಪಾಲು ಕೇಳುವುದರಲ್ಲೇ ಇದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ನಿಮ್ಮ ಅಡಿಕೆ ಮರದ ಲೆಕ್ಕ ಮಾಡಬೇಕು.

137 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 2190 ಮೀಟರ್. 40 ಮೀಟರ್ ಬ್ಯಾಂಡಿನಲ್ಲಿ ಕಾಲು ಅಲೆಯ ಆಂಟೆನಾ ಎಂದರೆ ಹತ್ತು ಮೀಟರಿನ ಕಂಬ, ಅದನ್ನು ಒಂದು ಬೆಳಿಗ್ಗೆಯಲ್ಲಿ ನಿಲ್ಲಿಸುತ್ತೇವೆ. ಇಲ್ಲಿ ಅದೇ ಕಾಲು ಅಲೆ 547 ಮೀಟರ್. ನಿಮ್ಮ ಮರ 15 ಮೀಟರ್. ಅಂದರೆ ನೀವು ಕಟ್ಟುವುದು ಆಂಟೆನಾದ ಒಂದು ಚೂರು ಅಷ್ಟೆ. ಆ ಚೂರಿನಿಂದ ಎಷ್ಟು ಶಕ್ತಿ ಅಲೆಯಾಗಿ ಹಾರುತ್ತದೆ ಎನ್ನುವುದನ್ನು ರೇಡಿಯೇಶನ್ ರೆಸಿಸ್ಟೆನ್ಸ್ ಹೇಳುತ್ತದೆ. ತುದಿಯಲ್ಲಿ ಉದ್ದದ ಅಡ್ಡತಂತಿ ಹಾಕಿದ ಗಿಡ್ಡ ಆಂಟೆನಾಕ್ಕೆ ಲೆಕ್ಕ ಸುಲಭ: ಎತ್ತರವನ್ನು ಅಲೆಯುದ್ದದಿಂದ ಭಾಗಿಸಿ, ವರ್ಗ ಮಾಡಿ, 1579ರಿಂದ ಗುಣಿಸಿ. ಸೋಗೆ, ಮರ, ಮನೆ ಎಲ್ಲ ಸೇರಿ ಎತ್ತರವನ್ನು ತಿನ್ನುವುದರಿಂದ 15ರ ಬದಲು 12 ಮೀಟರ್ ಎಂದಿಟ್ಟುಕೊಳ್ಳಿ. ಬರುವ ಉತ್ತರ 0.047 ಓಂ. ನೂರು ಓಂ ಅಲ್ಲ, ಒಂದೂ ಅಲ್ಲ, ಓಂನ ಇಪ್ಪತ್ತರಲ್ಲಿ ಒಂದು ಪಾಲು.

ಇನ್ನು ನಷ್ಟದ ಕಡೆ ನೋಡಿ. ಮಣ್ಣಿನಲ್ಲಿ, ಸುತ್ತಲಿನ ಗಿಡಮರಗಳಲ್ಲಿ 80 ಓಂ ಹೋಗುತ್ತದೆ, ತಂತಿಯನ್ನು ಟ್ಯೂನ್ ಮಾಡುವ ಕಾಯಿಲಿನಲ್ಲಿ 12 ಓಂ ಹೋಗುತ್ತದೆ ಎಂದಿಟ್ಟುಕೊಳ್ಳೋಣ. 100 ವ್ಯಾಟ್ ಕೊಟ್ಟರೆ ತಂತಿಯಲ್ಲಿ ಹರಿಯುವುದು 1 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು. ಅಲೆಯಾಗಿ ಹೊರಡುವುದು ಸುಮಾರು 50 ಮಿಲಿವ್ಯಾಟ್. ಉಳಿದ 99.95 ವ್ಯಾಟ್ ಕಾಯಿಲನ್ನೂ ಎರೆಹುಳುವನ್ನೂ ಬೆಚ್ಚಗೆ ಮಾಡುತ್ತದೆ. ನಿಯಮ ಒಪ್ಪುವ 1 ವ್ಯಾಟ್ ತಲುಪುವುದಕ್ಕೇ ಬೇರೆ ದೇಶದ ಹ್ಯಾಮ್‌ಗಳು ನೂರಾರು ವ್ಯಾಟಿನ ಆಂಪ್ಲಿಫೈಯರ್ ಕಟ್ಟುವುದು ಇದೇ ಕಾರಣಕ್ಕೆ. ಇದೇ ತಂತಿಯನ್ನು 475 ಕಿಲೋಹರ್ಟ್ಸ್‌ನಲ್ಲಿ ಲೆಕ್ಕ ಹಾಕಿದರೆ 0.57 ಓಂ ಬರುತ್ತದೆ, ಹನ್ನೆರಡು ಪಟ್ಟು ಹೆಚ್ಚು. ಆದ್ದರಿಂದ ಮುಂದೆ ಎಂದಾದರೂ ಅನುಮತಿ ಕೈಗೆ ಬಂದರೆ 630 ಮೀಟರಿನಿಂದ ಹೊರಡಿ. 2200 ಮೀಟರ್ ಅದರ ನಂತರ.

ಕಾಯಿಲಿನ ವಿಷಯ ನೀವು ಕೇಳಲಿಲ್ಲ, ಆದರೆ ಅದನ್ನು ಹೇಳದೆ ಬಿಡುವ ಹಾಗಿಲ್ಲ. 15 ಮೀಟರ್ ನೆಟ್ಟಗೆ ಏರಿ 40 ಮೀಟರ್ ಅಡ್ಡ ಹೋಗುವ ತಂತಿ ನೆಲದ ಎದುರು ಸುಮಾರು 330 ಪಿಕೊಫ್ಯಾರಡಿನ ಕಂಡೆನ್ಸರಿನಂತೆ ವರ್ತಿಸುತ್ತದೆ. ಅದನ್ನು 137ರಲ್ಲಿ ಟ್ಯೂನ್ ಮಾಡಲು ಬೇಕಾದ ಕಾಯಿಲ್ 4 ಮಿಲಿಹೆನ್ರಿ. 30 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ 40 ಸೆಂಟಿಮೀಟರ್ ಉದ್ದಕ್ಕೆ 160 ಸುತ್ತು ಹಾಕಿದರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. 150 ಮೀಟರ್ ತಂತಿ ಬೇಕು. ಆ ಕಾಯಿಲಿನ ತುದಿಯಲ್ಲಿ, ಒಂದು ಆಂಪಿಯರ್ ಹರಿಯುವಾಗ, ನಾಲ್ಕು ಸಾವಿರ ವೋಲ್ಟಿನ ಹತ್ತಿರ ಇರುತ್ತದೆ. ಗರಿಷ್ಠ ಬಿಂದುವಿನಲ್ಲಿ ಐದು ಸಾವಿರ ದಾಟುತ್ತದೆ.

ನನಗೆ ಇದರ ಪಾಠವಾದದ್ದು 160 ಮೀಟರ್ ಬ್ಯಾಂಡಿನಲ್ಲಿ, ಅದೂ ಇದಕ್ಕಿಂತ ತುಂಬ ಕಡಿಮೆ ವೋಲ್ಟೇಜಿನಲ್ಲಿ. ತಂತಿಯ ತುದಿಯನ್ನು ಇನ್ಸುಲೇಟರ್ ಹಾಕಿಯೇ ಅಡಿಕೆ ಮರಕ್ಕೆ ಕಟ್ಟಿದ್ದೆ. ರಾತ್ರಿ ಮಂಜು ಬಿದ್ದು ಸೋಗೆ ಭಾರವಾಗಿ ಬಾಗಿ ತಂತಿಗೆ ತಾಗಿತು. ಕೀ ಒತ್ತಿದಾಗಲೆಲ್ಲ, ಆಂಟೆನಾದಿಂದ ಎಷ್ಟು ಶಕ್ತಿ ಹಿಂದೆ ಬರುತ್ತದೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮುಳ್ಳು ಹಾರುತ್ತಿತ್ತು. ಅಂಗಳಕ್ಕೆ ಬಂದು ಕತ್ತಲಲ್ಲಿ ತಲೆಯೆತ್ತಿ ನೋಡಿದರೆ ಮರದ ತಲೆಯಲ್ಲಿ ನೇರಳೆ ಬಣ್ಣದ ಸಣ್ಣ ಬೆಳಕು, ಎಣ್ಣೆಗೆ ಸಾಸಿವೆ ಬಿದ್ದಂಥ ಚಿಟಿಚಿಟಿ. ಬೆಳಿಗ್ಗೆ ನೋಡುವಾಗ ಆ ಸೋಗೆಯ ಎರಡು ಎಲೆಗಳ ತುದಿ ಕರಟಿಹೋಗಿತ್ತು. ಅಲ್ಲಿ ಸೋಗೆ ಇತ್ತು, ಸರಿ. ಕಾಯಿ ಕೊಯ್ಯುವವರ ಕೈ ಇದ್ದಿದ್ದರೆ? ಅಂದಿನಿಂದ ತೋಟದಲ್ಲಿ ಕೆಲಸದವರಿರುವಾಗ ನಾನು ಸೆಟ್ ಆನ್ ಮಾಡುವುದಿಲ್ಲ.

ಇದರ ಜೊತೆಗೇ ಇನ್ನೊಂದು. ಈಗ ಎಲ್ಲರ ಮನೆಯಲ್ಲೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತದೆ ನೈಲಾನ್ ಹಗ್ಗ ಮೇಲೇರಿಸಲು ಅದರಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ, ನಾನೂ ಅದನ್ನೇ ಬಳಸುತ್ತೇನೆ. ಆದರೆ ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವ ವಸ್ತು, ಒಣ ಬಿದಿರಿನಂತಲ್ಲ. ಕರೆಂಟಿನ ಲೈನ್ ಹಾದುಹೋಗುವ ಬದಿಯ ಮರಗಳನ್ನು ಆಂಟೆನಾಕ್ಕೆ ಆರಿಸಲೇಬೇಡಿ. ತಂತಿ ತುಂಡಾದರೆ ಲೈನಿನ ಮೇಲೆ ಬೀಳುವ ದೂರದಲ್ಲೂ ಬೇಡ.

ಮರಗಳ ನಡುವೆ ತಂತಿ ಎಳೆಯುವುದರಲ್ಲಿ ಇನ್ನೊಂದು ತೊಡಕಿದೆ, ಹೆಚ್ಚಿನವರು ಅದನ್ನು ಯೋಚಿಸುವುದಿಲ್ಲ. ಹಸಿಮರ ಎಂದರೆ ಉಪ್ಪುನೀರು ತುಂಬಿದ ಕೊಳವೆ. ಎಲ್‌ಎಫ್‌ನ ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರ ಹತ್ತಿರದ ಪ್ರತಿ ಮರದ ಮೂಲಕವೂ ನೆಲಕ್ಕೆ ದಾರಿ ಹುಡುಕುತ್ತದೆ, ದಾರಿಯಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ತೋಟದ ನಟ್ಟನಡುವೆ, ಎಂಟೊಂಬತ್ತು ಅಡಿಗೊಂದು ಮರವಿರುವಲ್ಲಿ, ನಿಮ್ಮ 15 ಮೀಟರ್ ಎತ್ತರ ನಿಜವಾಗಿ 15 ಮೀಟರ್ ಅಲ್ಲ. ತೋಟದ ಅಂಚಿನ ಎರಡು ಮರ ಹಿಡಿಯಿರಿ, ತಂತಿ ಬೈಲಿನ ಕಡೆಗೋ ಅಂಗಳದ ಮೇಲೋ ತೆರೆದ ಜಾಗದಲ್ಲಿ ಹೋಗಲಿ. ಮರಕ್ಕೂ ತಂತಿಯ ತುದಿಗೂ ನಡುವೆ ನಾಲ್ಕೈದು ಮೀಟರ್ ನೈಲಾನ್ ಹಗ್ಗ ಇರಲಿ. ಮೇಲೇರುವ ತಂತಿ ಕಾಂಡಕ್ಕೆ ತಾಗಿಕೊಂಡು ಹೋಗಬಾರದು, ದೂರದಿಂದ ಓರೆಯಾಗಿ ಏರಲಿ.

ಅರ್ತಿನ ವಿಷಯದಲ್ಲಿ ನಮ್ಮ ಊರು ಎರಡು ತರ. ಗುಡ್ಡೆಯ ಮೇಲೆ, ಪದವಿನಲ್ಲಿ ಮುರಕಲ್ಲು. ಅಲ್ಲಿ ಅರ್ತ್ ರಾಡು ಹೊಡೆದರೆ ಅದು ಹೆಸರಿಗೆ ಮಾತ್ರ. ಕೆಳಗೆ ತೋಟದ ಮಣ್ಣು ವರ್ಷವಿಡೀ ತೇವ, ಅದು ವಾಸಿ. ಒಂದು ರಾಡನ್ನು ಆಳಕ್ಕೆ ಇಳಿಸುವುದಕ್ಕಿಂತ ಅಡ್ಡತಂತಿಯ ನೇರ ಕೆಳಗೆ, ಅದೇ ದಿಕ್ಕಿಗೆ, ನಾಲ್ಕೈದು ಬರಿ ತಾಮ್ರದ ತಂತಿಗಳನ್ನು ಒಂದು ಗೇಣು ಆಳದಲ್ಲಿ ಹೂಳಿ, ಒಂದೆರಡನ್ನು ತೋಡಿನ ಬದಿಯ ಕೆಸರಿಗೆ ಇಳಿಸಿ. ನಮ್ಮಲ್ಲಿ ಹಲವರು ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರಿಗೆ ತಂತಿ ಬಿಟ್ಟರೆ ಸಾಕು ಎಂದು ಭಾವಿಸುತ್ತಾರೆ. ಸುರಂಗದ ನೀರು ಕಲ್ಲಿನಿಂದ ಸೋಸಿ ಬಂದ ಶುದ್ಧ ನೀರು. ಕುಡಿಯಲು ಅಮೃತ, ಅರ್ತಿಗೆ ಉಪ್ಪಿಲ್ಲದ ನೀರು. ಕೆಸರೇ ಮೇಲು.

ಇದನ್ನೆಲ್ಲ ಟ್ರಾನ್ಸ್‌ಮಿಟ್ಟರ್ ಇಲ್ಲದೆ ಅಳೆಯಬಹುದು ಎನ್ನುವುದು ಈ ಕಾಲದ ಭಾಗ್ಯ. ನ್ಯಾನೋವಿಎನ್ಎ ಎನ್ನುವ ಅಂಗೈಯಗಲದ ಉಪಕರಣ 50 ಕಿಲೋಹರ್ಟ್ಸ್‌ನಿಂದ ಅಳೆಯುತ್ತದೆ. ಕಾಯಿಲಿನ ಕೆಳತುದಿಗೆ ಜೋಡಿಸಿ, ರಿಯಾಕ್ಟೆನ್ಸ್ ಸೊನ್ನೆಯಾಗುವಲ್ಲಿ, ಅಂದರೆ ತಂತಿ ಟ್ಯೂನ್ ಆದಲ್ಲಿ, ಉಳಿಯುವ ಓಂ ಎಷ್ಟು ಎಂದು ಬರೆದುಕೊಳ್ಳಿ. ಅದು ನಿಮ್ಮ ಒಟ್ಟು ನಷ್ಟ. ಒಂದು ಹೊಸ ತಂತಿ ಹೂಳಿ, ಮತ್ತೆ ಅಳೆಯಿರಿ. ಮಳೆಗಾಲದಲ್ಲಿ ಅಳೆಯಿರಿ, ಫೆಬ್ರವರಿಯಲ್ಲಿ ಅಳೆಯಿರಿ. ಮಳೆಯಲ್ಲಿ ನೆಲ ಒದ್ದೆಯಾಗಿ ನಷ್ಟ ಇಳಿಯಬೇಕು ಎಂದು ತೋರುತ್ತದೆ. ಆದರೆ ತೊಯ್ದ ಎಲೆ, ಪಾಚಿ ಹಿಡಿದ ಕಾಂಡ, ಒದ್ದೆ ಇನ್ಸುಲೇಟರುಗಳು ಆ ಲಾಭವನ್ನು ತಿಂದುಹಾಕಬಹುದು. ನಿಮ್ಮ ಜಾಗದಲ್ಲಿ ಯಾವುದು ಗೆಲ್ಲುತ್ತದೆ ಎಂದು ನಿಮ್ಮ ಪುಸ್ತಕವೇ ಹೇಳಬೇಕು. ಒಂದು ವರ್ಷದ ಇಂಥ ಟಿಪ್ಪಣಿ ನಮ್ಮ ಮಣ್ಣಿನ ಬಗ್ಗೆ ಯಾರ ಬಳಿಯೂ ಇಲ್ಲದ ಮಾಹಿತಿಯಾಗುತ್ತದೆ.

ಇನ್ನು ಎಷ್ಟು ದೂರ ಹೋದೀತು ಎನ್ನುವ ನಿಮ್ಮ ಪ್ರಶ್ನೆ. 50 ಮಿಲಿವ್ಯಾಟ್ ಎಂದಾಗ ನಿಮ್ಮ ಮುಖ ಬಾಡಿರಬಹುದು. ನಿಧಾನದ ಮೋಡುಗಳು ಹುಟ್ಟಿದ್ದು ಇಲ್ಲಿಯೇ.

ಗುಡ್ಡೆಯಾಚೆಯ ಮನೆಯವರನ್ನು ಕರೆಯುವಾಗ ನಾವು ಮಾತಾಡುವುದಿಲ್ಲ, ಉದ್ದಕ್ಕೆ ಒಂದು ಕೂ ಹಾಕುತ್ತೇವೆ. ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ, ಒಂದೇ ಸ್ವರದಲ್ಲಿ ಎಳೆದ ಕೂ ಕೇಳುತ್ತದೆ. ಕೇಳುವವನ ಕಿವಿ ಆ ಒಂದು ಸ್ವರದ ಮೇಲೆ ನಿಲ್ಲುತ್ತದೆ, ಉಳಿದ ಸದ್ದನ್ನು ಬಿಟ್ಟುಬಿಡುತ್ತದೆ. ರೇಡಿಯೊದಲ್ಲಿಯೂ ಅಷ್ಟೆ. ರಿಸೀವರ್ ಎಷ್ಟು ಅಗಲದ ಬಾಗಿಲು ತೆರೆದಿಡುತ್ತದೋ ಅಷ್ಟು ನಾಯ್ಸ್ ಒಳಗೆ ಬರುತ್ತದೆ. ಮಾತು ಕೇಳಲು ತೆರೆಯುವ ಬಾಗಿಲು 2500 ಹರ್ಟ್ಸ್. ಮೋರ್ಸಿನ ಒಂದು ಡಾಟನ್ನು 30 ಸೆಕೆಂಡ್ ಎಳೆದರೆ ಬಾಗಿಲು ಒಂದು ಹರ್ಟ್ಸ್‌ನ ಮೂವತ್ತನೇ ಒಂದು ಪಾಲಿದ್ದರೆ ಸಾಕು. ಒಳಬರುವ ನಾಯ್ಸ್ 75,000 ಪಟ್ಟು ಕಡಿಮೆ. ಡೆಸಿಬೆಲ್‌ನಲ್ಲಿ ಸುಮಾರು 49. ಇದನ್ನು ಕ್ಯುಆರ್‌ಎಸ್‌ಎಸ್ ಎನ್ನುತ್ತಾರೆ. ಡಾಟಿನ ಉದ್ದ 3 ಸೆಕೆಂಡಿನಿಂದ 120 ಸೆಕೆಂಡಿನವರೆಗೂ ಇಡುವವರಿದ್ದಾರೆ. ಕಿವಿಯಿಂದ ಇದನ್ನು ಓದಲು ಆಗುವುದಿಲ್ಲ, ಹೊತ್ತು ಸರಿದಂತೆ ಸಂಕೇತವನ್ನು ಚಿತ್ರವಾಗಿ ತೋರಿಸುವ ಕಂಪ್ಯೂಟರಿನ ವಾಟರ್‌ಫಾಲಿನಲ್ಲಿ ಗೆರೆಯಾಗಿ ಕಾಣುತ್ತದೆ. ಸ್ಪೆಕ್ಟ್ರಮ್ ಲ್ಯಾಬ್, ಆರ್ಗೋ ಎಂಬ ಉಚಿತ ತಂತ್ರಾಂಶಗಳು ಇದಕ್ಕೆ ಹೇಳಿಮಾಡಿಸಿದಂಥವು. ತೆರಬೇಕಾದ ಬೆಲೆ ಎಂದರೆ ಹೊತ್ತು: 30 ಸೆಕೆಂಡಿನ ಡಾಟಿನಲ್ಲಿ ಹ್ಯಾಮ್‌ನ ಗುರುತಾದ ಆರು ಅಕ್ಷರದ ಕಾಲ್‌ಸೈನ್ ಒಂದು ಸಲ ಕಳಿಸಲು ಅರ್ಧ ಗಂಟೆಗೂ ಮಿಕ್ಕಿ ಬೇಕು. ಕಾಫಿ ಕುಡಿದು, ದನಕ್ಕೆ ಹುಲ್ಲು ಹಾಕಿ ಬಂದರೂ ಇನ್ನೂ ಒಂದೆರಡು ಅಕ್ಷರ ಬಾಕಿ ಇರುತ್ತದೆ.

ಡಿಜಿಟಲ್ ಮೋಡುಗಳು ಇದೇ ಉಪಾಯಕ್ಕೆ ಗಣಿತ ಸೇರಿಸಿದವು. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಸ್ವತಃ ಹ್ಯಾಮ್. ಜೋಡಿ ಪಲ್ಸಾರಿನ (ಮಿಡಿಯುವ ನಕ್ಷತ್ರ) ಸಂಕೇತವನ್ನು ನಾಯ್ಸಿನೊಳಗಿಂದ ಹೆಕ್ಕಿದ ಅವರೇ 2008ರಲ್ಲಿ ಡಬ್ಲ್ಯುಎಸ್‌ಪಿಆರ್ ಕೊಟ್ಟರು. ಬಾಯಲ್ಲಿ ಎಲ್ಲರೂ ವಿಸ್ಪರ್ ಎನ್ನುತ್ತಾರೆ. ಕಾಲ್‌ಸೈನ್, ಊರಿನ ಗ್ರಿಡ್ (ನಕ್ಷೆಯ ಚೌಕದ ಹೆಸರು), ಪವರ್, ಇಷ್ಟನ್ನು ಬರೇ 50 ಬಿಟ್‌ಗಳಲ್ಲಿ ಅಡಕಿ, ತಪ್ಪು ತಿದ್ದಿಕೊಳ್ಳುವ ಕೋಡ್ ಸೇರಿಸಿ, 162 ತುಣುಕಾಗಿ, ನಾಲ್ಕು ಸ್ವರಗಳಲ್ಲಿ 110 ಸೆಕೆಂಡ್ ಹಾಡುತ್ತದೆ. ಒಂದು ಸ್ವರಕ್ಕೂ ಇನ್ನೊಂದಕ್ಕೂ ಅಂತರ 1.46 ಹರ್ಟ್ಸ್. ಒಟ್ಟು ಅಗಲ 6 ಹರ್ಟ್ಸ್. ಮಾತಿನ ಬಾಗಿಲಿನ ನಾಯ್ಸಿಗಿಂತ 28 ಡೆಸಿಬೆಲ್ ಕೆಳಗಿದ್ದರೂ ಡಿಕೋಡ್ ಆಗುತ್ತದೆ. ಎಲ್‌ಎಫ್‌ಗೆಂದೇ 2021ರಲ್ಲಿ ಬಂದ ಎಫ್‌ಎಸ್‌ಟಿ4ಡಬ್ಲ್ಯು ಇನ್ನೂ ಸಾವಧಾನಿ. ಅದರಲ್ಲಿ 2 ನಿಮಿಷ, 5 ನಿಮಿಷ, 15 ನಿಮಿಷ, ಅರ್ಧ ಗಂಟೆಯ ನಾಲ್ಕು ಬಗೆ. ಅರ್ಧ ಗಂಟೆಯದ್ದು ನಾಯ್ಸಿಗಿಂತ 45 ಡೆಸಿಬೆಲ್ ಕೆಳಗಿನವರೆಗೂ ಹೋಗುತ್ತದೆ. ಈ ಮೋಡುಗಳು ಗಡಿಯಾರದ ನಿಗದಿತ ನಿಮಿಷಕ್ಕೇ ಶುರುವಾಗಬೇಕು. ಅದರಲ್ಲಿ ನಮಗೊಂದು ಅನುಕೂಲ: ನಾವು ಯುಟಿಸಿಗಿಂತ (ಜಾಗತಿಕ ಸಮಯ) ಐದೂವರೆ ಗಂಟೆ ಮುಂದೆ, ಹಾಗಾಗಿ ಅವರ ಸಮ ನಿಮಿಷ ನಮಗೂ ಸಮ ನಿಮಿಷವೇ, ಅವರ ಅರ್ಧ ಗಂಟೆ ನಮಗೆ ಗಂಟೆ.

ಹಾಗಾದರೆ ಎಲ್ಲರೂ ಅರ್ಧ ಗಂಟೆಯದ್ದನ್ನೇ ಯಾಕೆ ಬಳಸುವುದಿಲ್ಲ? ಅದರ ಸ್ವರಗಳ ನಡುವೆ ಅಂತರ 0.089 ಹರ್ಟ್ಸ್ ಮಾತ್ರ. 137 ಕಿಲೋಹರ್ಟ್ಸ್‌ನಲ್ಲಿ ಅದು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಫ್ರೀಕ್ವೆನ್ಸಿ ಹುಟ್ಟಿಸುವ ನಿಮ್ಮ ಆಸಿಲೇಟರ್ ಅರ್ಧ ಗಂಟೆ ಅದಕ್ಕಿಂತ ಕಡಿಮೆ ಅಲುಗಾಡಬೇಕು. ಮೇಜಿನ ಮೇಲೆ ತೆರೆದಿಟ್ಟ ಕ್ರಿಸ್ಟಲಿಗೆ ಫ್ಯಾನಿನ ಗಾಳಿ ತಾಗಿದರೆ ವಾಟರ್‌ಫಾಲಿನ ಗೆರೆ ವಾಲುವುದನ್ನು ಕಣ್ಣಾರೆ ನೋಡಬಹುದು. ನಾನು ಕ್ರಿಸ್ಟಲನ್ನು ಥರ್ಮೋಕೋಲಿನ ತುಂಡಿನಲ್ಲಿ ಗೂಡು ಕೊರೆದು ಇಟ್ಟಿದ್ದೇನೆ, ಅಷ್ಟಕ್ಕೇ ಗೆರೆ ನೆಟ್ಟಗಾಯಿತು. ಮುಂದಿನ ಹೆಜ್ಜೆ ಬಿಸಿ ತಂಪಿಗೆ ತಾನೇ ಸರಿಹೊಂದಿಕೊಳ್ಳುವ ಟಿಸಿಎಕ್ಸ್ಒ ಎಂಬ ಆಸಿಲೇಟರ್, ಅದಕ್ಕೂ ಮುಂದಿನದು ಜಿಪಿಎಸ್‌ನಿಂದ ತಿದ್ದುವ ಆಸಿಲೇಟರ್. ಅದೆಲ್ಲ ಈಗಲೇ ಬೇಡ. ಯಾವ ಮೋಡಿನಿಂದ ಶುರು ಎಂದರೆ ನನ್ನ ಉತ್ತರ: ಕೇಳಲು ಕ್ಯುಆರ್‌ಎಸ್‌ಎಸ್ ವಾಟರ್‌ಫಾಲ್, ಕಳಿಸಲು ವಿಸ್ಪರ್. ಕಳಿಸುವುದನ್ನು, ನಿಮ್ಮ ಲೈಸೆನ್ಸ್ ಒಪ್ಪುವುದಾದರೆ, 7 ಮೆಗಾಹರ್ಟ್ಸ್‌ನಲ್ಲಿ ಮಾಡಿ. ವಿಸ್ಪರಿಗೆ ಅಲ್ಲಿ ಡಯಲ್ 7.0386. ಅರ್ಧ ವ್ಯಾಟ್ ಸಾಕು. ಗ್ರಿಡ್ ಎಂಕೆ 72 ಎಂದು ಕೊಡಿ, ಕಾಸರಗೋಡೂ ಮಂಗಳೂರೂ ಅದೇ ಚೌಕದಲ್ಲಿವೆ. ಅಲ್ಲಿ ಒಂದು ತಿಂಗಳು ಮಾಡಿದರೆ ಎಲ್‌ಎಫ್‌ಗೆ ಬೇಕಾದ ತಾಳ್ಮೆಯೂ ಗಡಿಯಾರದ ಶಿಸ್ತೂ ತಾನಾಗಿ ಬರುತ್ತದೆ.

ಎಲ್‌ಎಫ್‌ನಲ್ಲಿ ನಿಮ್ಮ ನಿಜವಾದ ಎದುರಾಳಿ ದೂರವಲ್ಲ, ಎರಡು ಸಾವಿರ ಮೀಟರಿನ ಅಲೆಗೆ ಪಶ್ಚಿಮ ಘಟ್ಟವೂ ಅಂಥ ದೊಡ್ಡ ಗೋಡೆಯಲ್ಲ. ಎದುರಾಳಿ ನಿಮ್ಮ ಮನೆಯೊಳಗೇ ಇದೆ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಮಾಡಿನ ಮೇಲಿನ ಸೋಲಾರ್. ಇವೆಲ್ಲದರ ಒಳಗಿನ ಸ್ವಿಚಿಂಗ್ ನಡೆಯುವುದೇ ಹತ್ತಾರು, ನೂರಾರು ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸರಿಯಾಗಿ ನಮ್ಮ ಬ್ಯಾಂಡಿನ ಅಕ್ಕಪಕ್ಕ. ಕರೆಂಟು ಹೋದಾಗ ಬೇಸರ ಮಾಡಬೇಡಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಇಟ್ಟುಕೊಂಡು, ಇನ್ವರ್ಟರನ್ನೂ ಆರಿಸಿ ಒಮ್ಮೆ ಕೇಳಿ. ಮೊದಲ ಸಲ ಆ ನಿಶ್ಶಬ್ದ ಕೇಳಿದಾಗ ನನಗೆ ರಿಸೀವರ್ ಕೆಟ್ಟಿತೇ ಎನಿಸಿತ್ತು.

ಒಂದು ಡಿಸೆಂಬರಿನಲ್ಲಿ, ಬ್ಯಾಂಡು ಒಳ್ಳೆಯದಿರಬೇಕಾದ ದಿನಗಳಲ್ಲಿ, ನನ್ನ ರಿಸೀವರಿನಲ್ಲಿ ಸೆಕೆಂಡಿಗೊಂದರಂತೆ ಟಕ್, ಟಕ್ ಶುರುವಾಯಿತು. ರಾತ್ರಿ ಜೋರು, ಮಧ್ಯಾಹ್ನ ಇಲ್ಲವೇ ಇಲ್ಲ. ಮನೆಯ ಮೈನ್ ತೆಗೆದರೂ ನಿಲ್ಲಲಿಲ್ಲ. ಪಿವಿಸಿ ಪೈಪಿನ ಚೌಕಟ್ಟಿಗೆ ಸುತ್ತಿದ ಲೂಪ್ ಆಂಟೆನಾ ಹಿಡಿದುಕೊಂಡು ಜಗಲಿಯಲ್ಲಿ ನಿಂತೆ. ಲೂಪಿನ ಅಂಚು ಸದ್ದಿನ ಕಡೆ ತಿರುಗಿದಾಗ ಜೋರು ಕೇಳುತ್ತದೆ, ಮುಖ ತಿರುಗಿದಾಗ ಕುಗ್ಗಿಹೋಗುತ್ತದೆ. ಕುಗ್ಗುವ ದಿಕ್ಕು ತುಂಬ ಖಚಿತ. ಜಗಲಿಯಿಂದ ಒಂದು ಗೆರೆ, ಹಟ್ಟಿಯ ಹಿಂದಿನಿಂದ ಇನ್ನೊಂದು ಗೆರೆ ಕಾಗದದ ಮೇಲೆ ಎಳೆದರೆ ಎರಡೂ ಸೇರಿದ್ದು ನೆರೆಮನೆಯ ತೋಟದ ಮೂಲೆಯಲ್ಲಿ. ಅಲ್ಲಿ ಕಾಡುಹಂದಿಗೆಂದು ಹಾಕಿದ ಸೋಲಾರ್ ಬೇಲಿ. ಬೇಲಿ ವರ್ಷದಿಂದ ಇತ್ತು, ಹಿಂದೆ ಸದ್ದು ಮಾಡಿರಲಿಲ್ಲ. ನೆರೆಯವರೂ ನಾನೂ ಟಾರ್ಚ್ ಹಿಡಿದು ತಂತಿಯ ಗುಂಟ ನಡೆದೆವು. ಒಂದು ಕಡೆ ಹುಲ್ಲು ಬೆಳೆದು ಕೆಳಗಿನ ತಂತಿಗೆ ತಾಗಿತ್ತು, ಮಂಜಿಗೆ ಒದ್ದೆಯಾಗಿ ಪ್ರತಿ ಮಿಡಿತಕ್ಕೂ ಅಲ್ಲಿ ಸೂಜಿಮೊನೆಯಷ್ಟು ಕಿಡಿ ಹಾರುತ್ತಿತ್ತು. ಬಿಸಿಲೇರಿದಾಗ ಹುಲ್ಲು ಒಣಗಿ ಕಿಡಿ ನಿಲ್ಲುತ್ತಿತ್ತು. ಬೇಲಿಯ ಸ್ವಿಚ್ ತೆಗೆದು ಒಂದು ಕತ್ತಿಯಲ್ಲಿ ಹುಲ್ಲು ಸವರಿದೆವು, ಸದ್ದು ಮಾಯವಾಯಿತು. ಬೇಲಿಯ ಹೊಡೆತ ಸೋರಿಹೋಗುವುದೂ ನಿಂತಿತು ಎಂದು ನೆರೆಯವರಿಗೂ ಲಾಭವೇ. ಈಗ ಅವರ ಬೇಲಿ ಎಲ್ಲಿ ಸೋರುತ್ತಿದೆ ಎಂದು ಅವರಿಗಿಂತ ಮೊದಲು ನನಗೆ ತಿಳಿಯುತ್ತದೆ.

ನಿಮ್ಮ ಮನೆಯ ನಾಯ್ಸ್ ಎಷ್ಟೆಂದು ತಿಳಿಯಲು ಹೋಲಿಕೆಗೆ ಒಂದು ನಿಶ್ಶಬ್ದದ ಜಾಗ ಬೇಕು. ಪೊಸಡಿ ಗುಂಪೆಯ ನೆತ್ತಿ ನಿಮಗೆ ದೂರವಿಲ್ಲ. ಲೂಪನ್ನೂ ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ಒಂದು ಸಂಜೆ ಹೋಗಿ, ಅಲ್ಲಿನ ವಾಟರ್‌ಫಾಲಿನ ಚಿತ್ರ ಉಳಿಸಿಕೊಂಡು ಬನ್ನಿ.

ಏನನ್ನು ಕೇಳುವುದು? ಮೊದಲನೆಯದು ಯಾವ ರಿಸೀವರೂ ಇಲ್ಲದೆ ಕೇಳಬಹುದಾದ್ದು. ತಮಿಳುನಾಡಿನ ತಿರುನಲ್ವೇಲಿ ಜಿಲ್ಲೆಯ ವಿಜಯನಾರಾಯಣದಲ್ಲಿ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್ ಇದೆ, 1990ರಿಂದ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ ಕೇಂದ್ರ. ಅದರ 18.2 ಕಿಲೋಹರ್ಟ್ಸ್‌ನ ಸಂಕೇತವನ್ನು ದೇಶದ ಅಯಾನುಗೋಳ (ರೇಡಿಯೊ ಅಲೆಗಳನ್ನು ಮರಳಿಸುವ ಮೇಲಿನ ವಾತಾವರಣದ ಪದರ) ಸಂಶೋಧಕರು ಬಳಸುತ್ತಾರೆ. ಸಂದೇಶ ನಮಗೆ ಸಂಬಂಧಿಸಿದ್ದಲ್ಲ, ನಮಗೆ ಬೇಕಾದ್ದು ಅದರ ಬಲದ ಏರಿಳಿತ. ಲ್ಯಾಪ್‌ಟಾಪಿನ ಸೌಂಡ್ ಕಾರ್ಡ್ 48 ಕಿಲೋಹರ್ಟ್ಸ್ ದರದಲ್ಲಿ ಮಾದರಿ ತೆಗೆಯುವುದಾದರೆ 24ರವರೆಗೆ ಅದಕ್ಕೆ ಕಾಣುತ್ತದೆ, 18.2 ಅದರೊಳಗೇ ಬಂತು. ಒಂದು ಮೀಟರ್ ಚದರದ ಚೌಕಟ್ಟಿಗೆ ಐವತ್ತು ಅರುವತ್ತು ಸುತ್ತು ಸಣ್ಣ ತಂತಿ ಸುತ್ತಿ ಮೈಕಿನ ಜಾಕಿಗೆ ಕೊಡಿ. ಕೇಂದ್ರ ನಮ್ಮಿಂದ ಸುಮಾರು 550 ಕಿಲೋಮೀಟರ್, ತೆಂಕು ಆಗ್ನೇಯಕ್ಕೆ. ಬಲವನ್ನು ದಿನವಿಡೀ ಗೆರೆಯಾಗಿ ದಾಖಲಿಸಿದರೆ ಸೂರ್ಯೋದಯ, ಸೂರ್ಯಾಸ್ತದ ಹೊತ್ತಿನಲ್ಲಿ ಗೆರೆ ಹಳ್ಳ ಬಿದ್ದು ಏಳುವುದು ಕಾಣುತ್ತದೆ. ಹಗಲಲ್ಲಿ ಸೂರ್ಯನ ಮೇಲೆ ದೊಡ್ಡ ಜ್ವಾಲೆ ಎದ್ದರೆ ನಿಮಿಷಗಳಲ್ಲಿ ಗೆರೆ ಜಿಗಿದು, ಮತ್ತೆ ಅರ್ಧ ಮುಕ್ಕಾಲು ಗಂಟೆ ತೆಗೆದುಕೊಂಡು ನಿಧಾನಕ್ಕೆ ಹಿಂದಿನ ಮಟ್ಟಕ್ಕೆ ಬರುತ್ತದೆ. ಪೆರ್ಲದ ಜಗಲಿಯಲ್ಲಿ ಕೂತು ಸೂರ್ಯನ ಸ್ಫೋಟ ಹಿಡಿಯುವುದೆಂದರೆ ಸಣ್ಣ ಮಾತಲ್ಲ.

ಎರಡನೆಯದು 518 ಕಿಲೋಹರ್ಟ್ಸ್. ಹಡಗುಗಳಿಗೆ ಹವಾಮಾನದ ಎಚ್ಚರಿಕೆ ಕೊಡುವ ನ್ಯಾವ್‌ಟೆಕ್ಸ್ ಅಲ್ಲಿ ನಡೆಯುತ್ತದೆ. ಪ್ರತಿ ಕೇಂದ್ರಕ್ಕೂ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷದ ಸರದಿ. ಅದು 475ರ ನೆರೆಯಲ್ಲೇ ಇರುವುದರಿಂದ ಅದು ಡಿಕೋಡ್ ಆದರೆ ನಿಮ್ಮ ಲೂಪು 630 ಮೀಟರಿಗೂ ಸಿದ್ಧ ಎಂದರ್ಥ. ಆಮೇಲೆ ಡಯಲನ್ನು 474.2ಕ್ಕೆ ಇಟ್ಟು ರಾತ್ರಿಯಿಡೀ ವಿಸ್ಪರ್ ಡಿಕೋಡರ್ ಓಡಲಿ. 2200 ಮೀಟರಿಗೆ ಡಯಲ್ 136.0. ಎಷ್ಟೋ ರಾತ್ರಿ ಏನೂ ಸಿಗದೆ ಹೋಗುತ್ತದೆ, ಆದರೂ ದಾಖಲೆ ಇಡಿ. ಒಂದು ಎಚ್ಚರಿಕೆ: ಅಗ್ಗದ ಆರ್‌ಟಿಎಲ್ ಡಾಂಗಲ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ಸಣ್ಣ ರಿಸೀವರ್) ಹಾಗೆಯೇ ಇಷ್ಟು ಕೆಳಗೆ ಇಳಿಯುವುದಿಲ್ಲ, ಫ್ರೀಕ್ವೆನ್ಸಿಯನ್ನು ಮೇಲೇರಿಸಿ ಕೊಡುವ ಅಪ್‌ಕನ್ವರ್ಟರ್ ಬೇಕು. ಹತ್ತಿರದ ಪ್ರಬಲ ಮೀಡಿಯಂ ವೇವ್ ಕೇಂದ್ರ ಯಾವುದಾದರೂ ರಿಸೀವರಿನ ಬಾಯಿ ಮುಚ್ಚಿಸದಂತೆ ಮುಂದೆ ಒಂದು ಲೋ ಪಾಸ್ ಫಿಲ್ಟರ್ ಹಾಕಿ.

ಇದೆಲ್ಲಕ್ಕೂ ಕಾಲವಿದೆ. ನಮ್ಮಲ್ಲಿ ತುಲಾ ಮಾಸದ ಗುಡುಗು ಮುಗಿದು, ಡಿಸೆಂಬರ್ ನಡುವಿನಿಂದ ಶಿವರಾತ್ರಿಯವರೆಗೆ ಎಲ್‌ಎಫ್‌ಗೆ ಸುಗ್ಗಿ. ಮಾರ್ಚ್ ಕೊನೆಯಿಂದ ಘಟ್ಟದ ಬದಿಯಲ್ಲಿ ಮೋಡ ಕಟ್ಟಲು ಶುರುವಾದರೆ ನೂರಾರು ಕಿಲೋಮೀಟರ್ ಆಚೆಯ ಸಿಡಿಲೂ 137ರಲ್ಲಿ ಪಟಾಕಿಯಂತೆ ಕೇಳುತ್ತದೆ. ಆಗ ಉದ್ದದ ತಂತಿಯನ್ನು ಇಳಿಸಿ ಸುತ್ತಿಡಿ. ಸೆಟ್ಟಿನಿಂದ ಬಿಚ್ಚಿ ಕಿಟಕಿಯಲ್ಲಿ ನೇತುಹಾಕಿದರೆ ಸಾಲದು, ನಾನು ಹಾಗೆ ಮಾಡಿ ಒಂದು ಏಪ್ರಿಲ್ ಸಂಜೆ ಲ್ಯಾಪ್‌ಟಾಪಿನ ಸೌಂಡ್ ಕಾರ್ಡ್ ಕಳೆದುಕೊಂಡಿದ್ದೇನೆ. ಸಿಡಿಲು ನಮ್ಮ ಮನೆಗೆ ಬಡಿದದ್ದೂ ಅಲ್ಲ, ಬೈಲಿನ ಆಚೆಯ ತೆಂಗಿನ ಮರಕ್ಕೆ.

ಕೊನೆಗೆ ಅಜ್ಜನ ರೇಡಿಯೊ. ವಾಲ್ವ್ ಸೆಟ್ಟಿನ ಗ್ಯಾಂಗ್ ಕಂಡೆನ್ಸರಿನಲ್ಲಿ ಸಾಮಾನ್ಯವಾಗಿ ಸುಮಾರು 500 ಪಿಕೊಫ್ಯಾರಡಿನ ಎರಡು ಭಾಗ. ಒಂದು ಮೀಟರ್ ಚದರದ ಲೂಪಿಗೆ 20 ಸುತ್ತು ಹಾಕಿದರೆ 137 ಕಿಲೋಹರ್ಟ್ಸ್‌ಗೆ ಸರಿಹೊಂದಲು ಬೇಕಾದ್ದು ಸುಮಾರು 1000. ಎರಡೂ ಭಾಗವನ್ನು ಪ್ಯಾರಲಲ್ ಮಾಡಿದರೆ ಅಳೆದಿಟ್ಟಂತೆ ಸರಿಯಾಗುತ್ತದೆ. ಒಂದಿಷ್ಟು ಸಾಲದಿದ್ದರೆ ಸಣ್ಣ ಮೈಕಾ ಕಂಡೆನ್ಸರ್ ಸೇರಿಸಿ. ಆದರೂ ಬಿಚ್ಚುವ ಮೊದಲು ಸೆಟ್ಟನ್ನು ಅಟ್ಟದಿಂದ ಇಳಿಸಿ, ಹಿಂಬದಿಯ ಹಲಗೆ ತೆಗೆದು ಬೆಳಕಿನಲ್ಲಿ ನೋಡಿ. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಇಲ್ಲದೆ, ವಾಲ್ವುಗಳ ಗಾಜಿನೊಳಗಿನ ಬೆಳ್ಳಿಬಣ್ಣ ಬಿಳಿಚಿಕೊಳ್ಳದೆ ಇದ್ದರೆ ಅದನ್ನು ಮುಟ್ಟಬೇಡಿ, ಅದು ಮತ್ತೆ ಹಾಡೀತು. ನೇರ ಪ್ಲಗ್ಗಿಗೂ ಹಾಕಬೇಡಿ, ಹಳೆ ಕಾಗದದ ಕಂಡೆನ್ಸರುಗಳನ್ನು ಬದಲಿಸಿ, ಮೊದಲ ಸಲ 60 ವ್ಯಾಟಿನ ಹಳೆ ಬಲ್ಬೊಂದನ್ನು ಸರಣಿಯಲ್ಲಿ ಇಟ್ಟು ಕರೆಂಟು ಕೊಡಿ. ಗ್ಯಾಂಗ್ ಬೇರೆ ಕಡೆ ಸಿಗುತ್ತದೆ, ನನ್ನ ಡಬ್ಬಿಯಲ್ಲೇ ಮೂರು ಇವೆ. ಬದಿಯಡ್ಕ ಕಡೆ ಬಂದಾಗ ಒಂದನ್ನು ತೆಗೆದುಕೊಂಡು ಹೋಗಿ.